ಒಬ್ಬರ ಪ್ರಯಾಣಕ್ಕೆ ಇಬ್ಬರ ದರವೇಕೆ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಹಡಗು ಪ್ರವಾಸದ ಕುರಿತು ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಊಟ, ಈಜುಕೊಳ, ಮಕ್ಕಳ ಆಟ, ಹೊಸದಾಗಿ ಮದುವೆಯಾದವರಿಗೆ ಸಿಗುವ ಸೌಲಭ್ಯ, ಎಲ್ಲವನ್ನೂ ವಿವರವಾಗಿ ಬರೆದಿದ್ದಾರೆ. ಒಬ್ಬರೇ ಹೋಗುವವರ ಬಗ್ಗೆ ಒಂದು ಸಾಲೂ ಇರಲಿಲ್ಲ. ಈ ವರ್ಷದ ಆರಂಭದಲ್ಲಿ ಹಾಗೆ ಒಬ್ಬಳೇ ಹೋಗಿ ಬಂದವಳು ನಾನು. ಆದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಕ್ಷಮಿಸಿ.

ನನಗೆ ಅರವತ್ತೆರಡು ವರ್ಷ. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದೆ. ಅದರಲ್ಲಿಯೂ ಭೂಗೋಳ ನನ್ನ ಪ್ರೀತಿಯ ವಿಷಯ. ಮದುವೆಯಾಗಲಿಲ್ಲ. ಕಾರವಾರದ ಕೋಡಿಬಾಗದ ಮನೆಯಲ್ಲಿ ನಾನು ಮತ್ತು ಅಮ್ಮ ಇದ್ದೆವು. ಕೊನೆಯ ಒಂಬತ್ತು ವರ್ಷ ಅಮ್ಮ ಹಾಸಿಗೆ ಹಿಡಿದಿದ್ದರು. ಅವರನ್ನು ಬಿಟ್ಟು ಗೋಕರ್ಣಕ್ಕೆ ಹೋಗಿ ಬರುವುದೂ ಆಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಅವರು ತೀರಿಕೊಂಡರು.

ಅಮ್ಮನ ಬಾಲ್ಯದಲ್ಲಿ ಕಾರವಾರದಿಂದ ಮುಂಬೈಗೆ ಹೋಗುವವರು ಆಗಬೋಟಿನಲ್ಲಿ ಹೋಗುತ್ತಿದ್ದರು. ಬಾಂಬೆ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ಹಡಗುಗಳು ಕೊಂಕಣ ಕರಾವಳಿಯ ಬಂದರುಗಳನ್ನು ಮುಟ್ಟಿ ಓಡಾಡುತ್ತಿದ್ದ ಕಾಲ ಅದು. ಮಳೆಗಾಲ ಬಂತೆಂದರೆ ಸಂಚಾರ ಬಂದ್. ಹಡಗು ದೂರದಲ್ಲಿ ನಿಲ್ಲುತ್ತಿತ್ತು, ದೋಣಿಯಲ್ಲಿ ಹೋಗಿ ಹತ್ತಬೇಕಿತ್ತು. ಅಜ್ಜ ಹೋಗುತ್ತಿದ್ದರು, ಮಾವಂದಿರು ಹೋಗುತ್ತಿದ್ದರು. ಹೆಣ್ಣುಮಕ್ಕಳು ಬೈತಖೋಲದ ದಂಡೆಯಲ್ಲಿ ನಿಂತು ಕತ್ತಲಲ್ಲಿ ಹಡಗಿನ ದೀಪಗಳು ದೂರವಾಗುವುದನ್ನು ನೋಡಿ ಮನೆಗೆ ಬರುತ್ತಿದ್ದರು. ಅಮ್ಮ ಕೊನೆಯವರೆಗೂ ಆ ದೀಪಗಳ ಮಾತು ಆಡುತ್ತಿದ್ದರು, ಹಡಗು ಹತ್ತಲೇ ಇಲ್ಲ. ಜೀವನದಲ್ಲಿ ಒಮ್ಮೆಯಾದರೂ ಹಡಗಿನಲ್ಲಿ ಮಲಗಿ ಏಳಬೇಕು ಎಂಬ ಆಸೆ ನನ್ನಲ್ಲಿ ಬಂದದ್ದು ಅವರಿಂದಲೇ.

ಹೋಗುತ್ತೇನೆ ಎಂದಾಗ ಊರಿನಲ್ಲಿ ಎಲ್ಲರದೂ ಒಂದೇ ಪ್ರಶ್ನೆ. ಮೀನು ಮಾರುಕಟ್ಟೆಯಲ್ಲಿ ನಾನು ಇಪ್ಪತ್ತು ವರ್ಷದಿಂದ ಬಂಗಡೆ ಕೊಳ್ಳುವ ಹೆಂಗಸು ಕತ್ತಿಯನ್ನು ಕೆಳಗಿಟ್ಟು, "ಅಕ್ಕೋರೇ, ಸಂಗಡ ಯಾರಿದ್ದಾರೆ?" ಎಂದು ಕೇಳಿದಳು. ಯಾರೂ ಇಲ್ಲ ಎಂದೆ. ಅವಳ ಮುಖದಲ್ಲಿ ಕಂಡದ್ದು ಹೆದರಿಕೆ. ಅದು ಸುಮ್ಮನೆ ಬಂದ ಹೆದರಿಕೆಯಲ್ಲ. 2019ರ ಜನವರಿ 21ರಂದು ನಮ್ಮೂರ ಬಳಿಯ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ ಜೀವಗಳು ಹೋದದ್ದನ್ನು ಕಾರವಾರ ಮರೆತಿಲ್ಲ, ಮರೆಯುವುದೂ ಇಲ್ಲ. ಸಮುದ್ರದ ಅಂಚಿನಲ್ಲಿ ಬದುಕುವ ನಮಗೆ ಸಮುದ್ರ ಆಟದ ವಸ್ತುವಲ್ಲ. ಅವಳ ಪ್ರಶ್ನೆಯಿಂದ ನನಗೆ ನೋವಾಗಲಿಲ್ಲ. ನೋವಾದದ್ದು ಹಡಗಿನ ಕಂಪನಿಯ ಲೆಕ್ಕದಿಂದ.

ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗಿ ಬರುವ ನಾಲ್ಕು ರಾತ್ರಿಯ ಪ್ರವಾಸ. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ತಲಾ ಇಪ್ಪತ್ನಾಲ್ಕು ಸಾವಿರ ಎಂದಿತ್ತು. ಪಿಂಚಣಿಯಲ್ಲಿ ಉಳಿಸಿದ ಹಣವಿತ್ತು, ಸಂತೋಷದಿಂದ ಫೋನು ಮಾಡಿದೆ. ಆ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದಲೇ ಮಾತನಾಡಿದಳು. ಎಷ್ಟು ಜನ ಎಂದು ಕೇಳಿದಳು. ಒಬ್ಬಳೇ ಎಂದ ಮೇಲೆ ಒಂದು ಕ್ಷಣ ತಡೆದು, ಹಾಗಾದರೆ ಇಬ್ಬರ ದರ ಕೊಡಬೇಕಾಗುತ್ತದೆ ಎಂದಳು. ಜಾಹೀರಾತಿನ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಅದನ್ನು ಬರೆದಿದ್ದರಂತೆ. ಕನ್ನಡಕ ಹಾಕಿಕೊಂಡು ನೋಡಿದೆ. ಇತ್ತು: ಇಬ್ಬರು ಒಂದೇ ಕೋಣೆಯಲ್ಲಿ ಉಳಿಯುವುದಾದರೆ ಮಾತ್ರ ಈ ದರ. ಕಿಟಕಿಯೂ ಇಲ್ಲದ ಒಳಗಿನ ಕೋಣೆಗೆ ನಾನು ಕೊಟ್ಟದ್ದು ನಲವತ್ತೆಂಟು ಸಾವಿರ, ಅದರ ಮೇಲೆ ತೆರಿಗೆ ಬೇರೆ.

ಕಂಪನಿಗಳ ವಾದ ನನಗೆ ಅರ್ಥವಾಗುತ್ತದೆ. ಹಡಗಿನಲ್ಲಿ ಜಾಗ ಹಿಗ್ಗುವುದಿಲ್ಲ. ಒಂದು ಕೋಣೆಗೆ ಇಬ್ಬರು ಎಂಬ ಲೆಕ್ಕದಲ್ಲಿಯೇ ಹಡಗು ತುಂಬಿತೋ ಇಲ್ಲವೋ ಎಂದು ಅಳೆಯುತ್ತಾರೆ, ಪ್ರಪಂಚದಾದ್ಯಂತ ಇದೇ ಪದ್ಧತಿ. ಒಬ್ಬರು ಮಲಗಿದ ಕೋಣೆಯಲ್ಲಿ ಒಂದು ಹಾಸಿಗೆ ಖಾಲಿ ಹೋದರೆ ಅವರಿಗೆ ನಷ್ಟ, ಒಪ್ಪುತ್ತೇನೆ. ಆದರೆ ಹಡಗಿನ ಟಿಕೆಟ್ ಎಂದರೆ ಹಾಸಿಗೆಯ ಬಾಡಿಗೆ ಮಾತ್ರವೇ? ಮೂರು ಹೊತ್ತಿನ ಊಟ, ಕಾಫಿ, ಸ್ನಾನದ ನೀರು, ಬಟ್ಟೆ ಒಗೆತ, ಸಂಜೆಯ ಕಾರ್ಯಕ್ರಮ ಎಲ್ಲವೂ ಅದರಲ್ಲಿ ಸೇರಿದೆ. ನಾನು ಒಬ್ಬಳ ಊಟ ಮಾಡಿದೆ, ಒಬ್ಬಳ ನೀರು ಬಳಸಿದೆ. ಬಾರದೇ ಇದ್ದ ಇನ್ನೊಬ್ಬರ ಊಟದ ಹಣವನ್ನು ನನ್ನಿಂದ ತೆಗೆದುಕೊಂಡದ್ದು ಯಾವ ನ್ಯಾಯ? ಕಾರವಾರದಿಂದ ಮುಂಬೈಗೆ ನಾನು ಹೋದದ್ದು ಮತ್ಸ್ಯಗಂಧ ರೈಲಿನಲ್ಲಿ. ಒಂದು ಬರ್ತ್‌ಗೆ ಒಂದು ಟಿಕೆಟ್. ಅಜ್ಜನ ಕಾಲದ ಆಗಬೋಟಿನಲ್ಲಿಯೂ ತಲೆಗೊಂದು ಟಿಕೆಟ್ ಇತ್ತು.

ಕೋಣೆಯ ವಿಷಯ ಸ್ವಲ್ಪ ಹೇಳಬೇಕು. ಎರಡು ಹಾಸಿಗೆ, ನಡುವೆ ಒಂದು ಮೊಳದಷ್ಟು ಜಾಗ. ಬಚ್ಚಲುಮನೆಯಲ್ಲಿ ಎರಡು ದೊಡ್ಡ ಟವೆಲ್, ಎರಡು ಸಣ್ಣವು. ಎರಡು ಲೋಟ. ಕಪಾಟು ತೆರೆದರೆ ಮೇಲಿನ ಹಲಗೆಯ ಮೇಲೆ ಕಿತ್ತಳೆ ಬಣ್ಣದ ಎರಡು ಲೈಫ್ ಜಾಕೆಟ್, ಒಂದರ ಮೇಲೊಂದು. ಕೋಣೆ ನೋಡಿಕೊಳ್ಳುವ ಹುಡುಗ ಪ್ರತಿ ಸಂಜೆ ಬಂದು ಎರಡೂ ಹಾಸಿಗೆಗಳ ಹೊದಿಕೆ ಮಡಿಸಿ, ಎರಡೂ ದಿಂಬುಗಳ ಮೇಲೆ ಒಂದೊಂದು ಚಾಕೊಲೇಟ್ ಇಟ್ಟು ಹೋಗುತ್ತಿದ್ದ. ಆ ಹಾಸಿಗೆಯನ್ನು ಹಾಗೆಯೇ ಬಿಡಪ್ಪಾ, ಯಾರೂ ಮಲಗುವುದಿಲ್ಲ ಎಂದು ಮೊದಲ ದಿನವೇ ಹೇಳಿದೆ. ಇಬ್ಬರ ಲೆಕ್ಕ ಬರೆದಿದೆ ಮೇಡಂ, ಮಾಡದಿದ್ದರೆ ನನ್ನನ್ನು ಕೇಳುತ್ತಾರೆ ಎಂದ. ಪಾಪ, ಅವನದೇನು ತಪ್ಪು? ಒಂಟಿಯಾಗಿ ಬದುಕುವುದು ನನಗೆ ಹೊಸದಲ್ಲ, ಅದರಿಂದ ದುಃಖವೂ ಇಲ್ಲ. ಆದರೆ ದಿನಾ ಸಂಜೆ ಒಬ್ಬರು ಕಡಿಮೆಯಿದ್ದಾರೆ ಎಂದು ನೆನಪಿಸುವ ಆ ಹಾಸಿಗೆ ನನ್ನನ್ನು ಕುಗ್ಗಿಸಿತು. ನಾಲ್ಕನೆಯ ರಾತ್ರಿ ನಾನೇ ಅದರ ಮೇಲೆ ಪೆಟ್ಟಿಗೆ, ಪುಸ್ತಕ, ಸೀರೆಗಳನ್ನು ಹರಡಿಬಿಟ್ಟೆ.

ಊಟದ ಮನೆಯಲ್ಲಿಯೂ ಅದೇ. ಮೊದಲ ರಾತ್ರಿ ಎಷ್ಟು ಜನ ಎಂದು ಕೇಳಿ, ಅಡುಗೆಮನೆಯ ಬಾಗಿಲ ಪಕ್ಕ ಕಂಬಕ್ಕೆ ತಾಗಿದ ಪುಟ್ಟ ಮೇಜಿಗೆ ಕರೆದುಕೊಂಡು ಹೋದರು. ತಟ್ಟೆಗಳನ್ನು ಹೊತ್ತು ಓಡಾಡುವವರ ಮೊಣಕೈ ತಗುಲುತ್ತಿತ್ತು. ಎರಡನೆಯ ರಾತ್ರಿ ಧೈರ್ಯ ಮಾಡಿ, ನನಗೆ ಜನರ ಜೊತೆ ಕುಳಿತುಕೊಳ್ಳಬೇಕು, ದೊಡ್ಡ ಮೇಜಿನಲ್ಲಿ ಜಾಗ ಕೊಡಿ ಎಂದು ಕೇಳಿದೆ. ಮೇಲ್ವಿಚಾರಕರು ತಕ್ಷಣ ಒಪ್ಪಿದರು. ಅಲ್ಲಿ ಸಿಕ್ಕವರು ಧಾರವಾಡದ ಒಬ್ಬ ನಿವೃತ್ತ ನರ್ಸ್, ಅವರೂ ಒಬ್ಬರೇ, ಅವರೂ ಇಬ್ಬರ ಹಣ ಕೊಟ್ಟವರು. ಅದೇ ಮೇಜಿನಲ್ಲಿ ಪುಣೆಯ ಒಂದು ಕುಟುಂಬವಿತ್ತು. ಆ ಮನೆಯ ಹುಡುಗನಿಗೆ ನಾಟಿಕಲ್ ಮೈಲು ಸಾಮಾನ್ಯ ಮೈಲಿಗಿಂತ ಏಕೆ ಉದ್ದ ಎಂದು ವಿವರಿಸುತ್ತಾ ನಾನು ಊಟ ಮುಗಿಸಿದೆ. ಭೂಮಿಯ ಅಕ್ಷಾಂಶದ ಒಂದು ನಿಮಿಷಕ್ಕೆ, ಎಂದರೆ ಒಂದು ಡಿಗ್ರಿಯ ಅರವತ್ತನೆಯ ಒಂದು ಪಾಲಿಗೆ, ಒಂದು ನಾಟಿಕಲ್ ಮೈಲು, ಅಂದರೆ 1,852 ಮೀಟರ್. ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಬರೆದದ್ದನ್ನು ನಡುಸಮುದ್ರದಲ್ಲಿ ಕುಳಿತು ಹೇಳುವ ಸುಖ ಎಂಥದ್ದು ಎಂದು ಶಿಕ್ಷಕರಾದವರಿಗೆ ಗೊತ್ತು. ಒಬ್ಬರೇ ಬಂದವರಿಗೆ ಕೇಳದೆಯೇ ಇಂಥ ಮೇಜು ತೋರಿಸಿದರೆ ಕಂಪನಿಗೆ ಒಂದು ರೂಪಾಯಿಯೂ ಖರ್ಚಿಲ್ಲ.

ಸುರಕ್ಷತೆಯ ಬಗ್ಗೆ ಹೆದರಿದ್ದವರಿಗೆ ಒಂದು ಮಾತು ತಿಳಿಸಬೇಕು. ಹಡಗು ಹೊರಡುವ ಮೊದಲು ಎಲ್ಲ ಪ್ರಯಾಣಿಕರನ್ನೂ ಗೊತ್ತುಪಡಿಸಿದ ಸ್ಥಳದಲ್ಲಿ ಸೇರಿಸಿ, ಏಳು ಸಣ್ಣ ಸದ್ದು ಮತ್ತು ಒಂದು ಉದ್ದನೆಯ ಸದ್ದು ಕೇಳಿದರೆ ಏನು ಮಾಡಬೇಕೆಂದು ಕಲಿಸಿದರು. 2012ರ ಜನವರಿಯಲ್ಲಿ ಇಟಲಿಯ ಬಳಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಹಡಗು ಬಂಡೆಗೆ ಬಡಿದಾಗ, ಅದೇ ದಿನ ಹತ್ತಿದ್ದ ನೂರಾರು ಜನರಿಗೆ ಈ ತಾಲೀಮು ಇನ್ನೂ ಆಗಿರಲಿಲ್ಲ. ಆ ದುರಂತದ ನಂತರ ನಿಯಮ ಬಿಗಿಯಾಗಿ, 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ತಾಲೀಮು ಕಡ್ಡಾಯವಾಗಿದೆ. ನಮ್ಮ ಗುಂಪಿನ ಹುಡುಗಿ ಬೆರಳು ಮಡಿಸುತ್ತಾ ಒಬ್ಬೊಬ್ಬರನ್ನೇ ಎಣಿಸಿದಳು. ಆ ಎಣಿಕೆಯಲ್ಲಿ ಒಂದು ಜೀವಕ್ಕೆ ಒಂದೇ ಲೆಕ್ಕ. ನನ್ನ ಮೈಮೇಲಿದ್ದ ಜಾಕೆಟ್‌ನ ಪಟ್ಟಿಯನ್ನು ಎಳೆದು ನೋಡಿ ಸರಿಯಿದೆ ಅಮ್ಮಾ ಎಂದಳು. ಕೂರ್ಮಗಡದಿಂದ ಬರುವ ದೋಣಿಯಲ್ಲಿಯೂ ಅಂದು ಹೀಗೆ ಒಬ್ಬರು ಎಣಿಸಿ, ಪಟ್ಟಿ ಎಳೆದು ನೋಡಿದ್ದರೆ ಎಂದು ನನಗೆ ಅಳು ಬಂತು.

ಮರುದಿನ ಬೆಳಿಗ್ಗೆಯ ಒಂದು ಗಳಿಗೆಗಾಗಿ ಮಾತ್ರ ಕೊಟ್ಟ ಹಣದ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ಸಮುದ್ರದ ನಡುವೆ ಮೊಬೈಲಿಗೆ ಸಿಗ್ನಲ್ ಇರಲಿಲ್ಲ, ಆದರೆ ಉಪಗ್ರಹದ ಮೂಲಕ ನಾವಿರುವ ಜಾಗವನ್ನು ತೋರಿಸಲು ಅದು ಬೇಕಾಗುವುದಿಲ್ಲ. ಆರು ಗಂಟೆಗೇ ಎದ್ದು, ಮೇಲಿನ ಅಟ್ಟದ ಎಡಬದಿಯ ಕಟಕಟೆ ಹಿಡಿದು ನಿಂತೆ. ದಕ್ಷಿಣಕ್ಕೆ ಹೋಗುವ ಹಡಗಿಗೆ ಎಡಬದಿಯೇ ಪೂರ್ವ. ಮೊಬೈಲಿನಲ್ಲಿ ಅಕ್ಷಾಂಶದ ಅಂಕಿಗಳು ಇಳಿಯುತ್ತಾ ಬಂದವು. ಹದಿನಾರು ಡಿಗ್ರಿ, ಹದಿನೈದೂವರೆ, ಹದಿನೈದು. ನಡುವೆ ಒಮ್ಮೆ ಕೆಳಗೆ ಹೋಗಿ ಉಪ್ಪಿಟ್ಟು ತಿಂದು ಓಡಿಬಂದೆ. ಹತ್ತು ಗಂಟೆಯ ಸುಮಾರಿಗೆ ಹದಿನಾಲ್ಕು ಡಿಗ್ರಿ ನಲವತ್ತೆಂಟು ನಿಮಿಷ. ಅದು ಕಾರವಾರದ ಅಕ್ಷಾಂಶ. ನೇರ ಪೂರ್ವಕ್ಕೆ ನೂರೈವತ್ತಕ್ಕೂ ಹೆಚ್ಚು ಕಿಲೋಮೀಟರ್ ಆಚೆ ಕಾಳಿ ನದಿಯ ಅಳಿವೆ, ಸದಾಶಿವಗಡದ ಗುಡ್ಡ, ನಮ್ಮ ಮನೆ. ಅಷ್ಟು ಎತ್ತರದಿಂದ ಇಪ್ಪತ್ತು ಕಿಲೋಮೀಟರ್‌ಗಿಂತ ಬಹಳ ದೂರ ಕಾಣುವುದಿಲ್ಲ ಎಂದು ಮಕ್ಕಳಿಗೆ ಲೆಕ್ಕ ಮಾಡಿಸಿದವಳು ನಾನೇ. ಆದರೂ ನೋಡುತ್ತಾ ನಿಂತೆ. ದಂಡೆಯ ಮೇಲೆ ನಿಂತು ಇತ್ತ ನೋಡುತ್ತಿದ್ದ ಅಮ್ಮನ ಕಡೆಗೆ ಹಡಗಿನಿಂದ ತಿರುಗಿ ನೋಡಿದಂತಾಯಿತು. ನಾಲ್ಕು ಗಂಟೆ ಹಾಗೆ ನಿಲ್ಲಲು ಸಾಧ್ಯವಾದದ್ದು ಒಬ್ಬಳೇ ಇದ್ದುದರಿಂದ. ಬಾ, ಹೊತ್ತಾಯಿತು ಎಂದು ಕರೆಯುವವರು ಯಾರೂ ಇರಲಿಲ್ಲ. ಒಬ್ಬರೇ ಹೋಗುವುದರಲ್ಲಿ ಇಂಥ ಸಂತೋಷವೂ ಇದೆ ಎಂಬುದನ್ನು ನಮ್ಮ ಹೆಣ್ಣುಮಕ್ಕಳು ತಿಳಿಯಬೇಕು.

ಲಕ್ಷದ್ವೀಪದಲ್ಲಿ ಹವಳದ ದಿಬ್ಬಗಳಿಂದಾಗಿ ದೊಡ್ಡ ಹಡಗು ದಡದ ಹತ್ತಿರ ಹೋಗುವುದಿಲ್ಲ. ಅಲೆ ಏರಿದ ಕ್ಷಣ ನೋಡಿ ಸಣ್ಣ ದೋಣಿಗೆ ಕಾಲಿಡಬೇಕು, ಎರಡು ಕಡೆಯಿಂದ ಇಬ್ಬರು ಮುಂಗೈ ಹಿಡಿಯುತ್ತಾರೆ. ಅಮ್ಮ ಹೇಳುತ್ತಿದ್ದ ಹಳೆಯ ಕಾರವಾರದ ಬಂದರು ಹೀಗೆಯೇ ಇದ್ದಿರಬೇಕು. ದ್ವೀಪದ ಸೌಂದರ್ಯವನ್ನು ನಿಮ್ಮ ಲೇಖಕರು ಬರೆದಿದ್ದಾರೆ, ನಾನು ಮತ್ತೆ ಬರೆಯುವುದಿಲ್ಲ.

ಈಗ ನನ್ನ ಬೇಡಿಕೆ. ಇದು ಆಗದ ಕೆಲಸವೇನಲ್ಲ. 2010ರಲ್ಲಿ ಪ್ರಯಾಣ ಆರಂಭಿಸಿದ ನಾರ್ವೇಜಿಯನ್ ಎಪಿಕ್ ಹಡಗಿನಲ್ಲಿ ಒಬ್ಬರಿಗೆಂದೇ 128 ಪುಟ್ಟ ಕೋಣೆಗಳನ್ನು ಕಟ್ಟಿದರು, ಅವರೆಲ್ಲ ಕೂಡಿ ಮಾತನಾಡಲು ಒಂದು ಹಜಾರವನ್ನೂ ಕೊಟ್ಟರು. ಕ್ವೀನ್ ಮೇರಿ 2 ಹಡಗನ್ನು 2016ರಲ್ಲಿ ನವೀಕರಿಸಿದಾಗ ಒಬ್ಬರ ಕೋಣೆಗಳು ಹದಿನೈದು ಸೇರಿದವು. ನಮ್ಮ ದೇಶದಲ್ಲಿ 2024ರ ಸೆಪ್ಟೆಂಬರ್ 30ರಂದು ಮುಂಬೈಯಲ್ಲಿ ಕೇಂದ್ರ ಸರ್ಕಾರದ ಕ್ರೂಸ್ ಭಾರತ್ ಮಿಷನ್‌ ಎಂಬ ಯೋಜನೆಗೆ ಚಾಲನೆ ಕೊಟ್ಟಿದ್ದಾರೆ, 2029ರ ಹೊತ್ತಿಗೆ ಹಡಗು ಪ್ರವಾಸಿಗರ ಸಂಖ್ಯೆಯನ್ನು ಇಮ್ಮಡಿಗೊಳಿಸುವ ಗುರಿ ಇದೆ. ಆ ಹೊಸ ಪ್ರವಾಸಿಗರು ಯಾರು? ವಿಧವೆಯರು, ವಿಧುರರು, ಮದುವೆಯಾಗದವರು, ಮಕ್ಕಳು ಬೆಂಗಳೂರಿನಲ್ಲಿಯೋ ಅಮೆರಿಕದಲ್ಲಿಯೋ ಇರುವ ಹಿರಿಯರು ಪ್ರತಿ ಊರಿನಲ್ಲಿಯೂ ಇದ್ದಾರೆ. ಕೈಯಲ್ಲಿ ಪಿಂಚಣಿ ಇದೆ, ಕಾಲಿನಲ್ಲಿ ಇನ್ನೂ ಶಕ್ತಿ ಇದೆ. ಇಬ್ಬರ ದರ ಕೇಳಿ ಅವರನ್ನು ಬಾಗಿಲಿನಲ್ಲಿಯೇ ತಡೆಯಬೇಡಿ.

ಒಂಟಿ ಪ್ರಯಾಣಿಕರಿಂದ ಒಂದೂಕಾಲು ಪಾಲು, ಹೆಚ್ಚೆಂದರೆ ಒಂದೂವರೆ ಪಾಲು ದರ ತೆಗೆದುಕೊಳ್ಳಲಿ, ಖಾಲಿ ಹಾಸಿಗೆಗೆ ಅಷ್ಟು ಸಾಕು. ಒಪ್ಪುವ ಇಬ್ಬರು ಹೆಂಗಸರು ಕೋಣೆ ಹಂಚಿಕೊಳ್ಳಲು ಕಂಪನಿಯೇ ವ್ಯವಸ್ಥೆ ಮಾಡಲಿ. ಧಾರವಾಡದ ಆ ನರ್ಸ್ ಮತ್ತು ನಾನು ಮೊದಲೇ ಪರಿಚಯವಾಗಿದ್ದರೆ ಇಬ್ಬರಿಗೂ ಅರ್ಧ ಹಣ ಉಳಿಯುತ್ತಿತ್ತು. ಜಾಹೀರಾತಿನಲ್ಲಿ ಒಬ್ಬರ ದರವನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಲಿ, ಇದನ್ನಂತೂ ಸರ್ಕಾರ ನಾಳೆಯೇ ಕಡ್ಡಾಯ ಮಾಡಬಹುದು. ನಿಮ್ಮ ಪತ್ರಿಕೆಯೂ ಪ್ರವಾಸದ ದರ ಪ್ರಕಟಿಸುವಾಗ ಅದನ್ನು ಕೇಳಿ ತಿಳಿದು ಬರೆಯಬೇಕೆಂದು ಕೋರುತ್ತೇನೆ.

ಇಷ್ಟು ಬರೆದೆನೆಂದು ಕಾರವಾರಕ್ಕೆ ಪ್ರವಾಸಿ ಹಡಗುಗಳ ಬಂದರು ಬೇಕೆಂದು ಕೇಳುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. 2020ರ ಜನವರಿಯಲ್ಲಿ ಬಂದರು ವಿಸ್ತರಣೆಯ ವಿರುದ್ಧ ಮೀನುಗಾರರು ಬೀದಿಗಿಳಿದಾಗ ನಾನೂ ಅವರ ಜೊತೆ ಕಡಲತೀರದಲ್ಲಿ ಕುಳಿತಿದ್ದೆ. ನಮ್ಮ ತೀರ ನಮಗೆ ಹೀಗೆಯೇ ಉಳಿಯಲಿ, ಹಡಗು ಹತ್ತಲು ನಾವು ಮುಂಬೈಗೆ ಹೋಗುತ್ತೇವೆ.

ಬರುವ ಚಳಿಗಾಲದಲ್ಲಿ ಕೊಚ್ಚಿಯವರೆಗಿನ ಪ್ರವಾಸಕ್ಕೆ ಹೋಗಬೇಕೆಂದಿದ್ದೇನೆ. ಮೀನು ಮಾರುವ ಆ ಹೆಂಗಸು, ಮಗಳ ಮದುವೆ ಮುಗಿದ ಮೇಲೆ ತಾನೂ ಬರುತ್ತೇನೆ ಎಂದಿದ್ದಾಳೆ. ಈ ಪತ್ರದ ಪ್ರತಿಯನ್ನು ಕೇಂದ್ರದ ಬಂದರು, ಹಡಗು ಮತ್ತು ಜಲಮಾರ್ಗ ಸಚಿವಾಲಯಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿದ್ದೇನೆ. ಉತ್ತರ ಬಂದರೆ ನಿಮಗೆ ತಿಳಿಸುತ್ತೇನೆ.

ಇತಿ,
ನಿವೃತ್ತ ಶಿಕ್ಷಕಿ
ಕೋಡಿಬಾಗ, ಕಾರವಾರ