ಬೆನ್ನುಮೂಳೆ ತಜ್ಞರ ಪ್ರಬಂಧ ಎಣಿಸಿದರೆ ಸಾಲದು

ಮಾನ್ಯರೆ,

ಬೆನ್ನುಮೂಳೆಯ ಸರ್ಜನ್ನರನ್ನೋ ಬಯೋಮೆಡಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರನ್ನೋ ಪರಿಚಯಿಸುವಾಗ ನಮ್ಮ ಪತ್ರಿಕೆಗಳು ‘ಇಷ್ಟು ನೂರು ಸಂಶೋಧನಾ ಪ್ರಬಂಧ ಪ್ರಕಟಿಸಿದ್ದಾರೆ’ ಎಂಬ ಸಾಲನ್ನು ತಪ್ಪದೆ ಹಾಕುತ್ತವೆ. ಆ ಪ್ರಬಂಧಗಳಲ್ಲಿ ಏನಿದೆ ಎಂಬುದು ಮಾತ್ರ ಓದುಗನಿಗೆ ತಿಳಿಯುವುದಿಲ್ಲ. ನಾವು ಇಂದಿಗೂ ಕಿಮ್ಸ್ ಎಂದೇ ಕರೆಯುವ ವೈದ್ಯಕೀಯ ಕಾಲೇಜು ಕೆಎಂಸಿಆರ್‌ಐ, ಧಾರವಾಡದ ಎಸ್‌ಡಿಎಂ ಆಸ್ಪತ್ರೆ, ಬಿವಿಬಿ ಎಂಜಿನಿಯರಿಂಗ್ ಕಾಲೇಜಿನಿಂದ ಬೆಳೆದ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, 2016ರಲ್ಲಿ ಬಂದ ಐಐಟಿ ಎಲ್ಲವೂ ಹುಬ್ಬಳ್ಳಿ-ಧಾರವಾಡ ಅವಳಿನಗರದಲ್ಲೇ ಇರುವುದರಿಂದ ಇಂಥ ಪರಿಚಯಗಳು ಇನ್ನೂ ಹೆಚ್ಚು ಬರಲಿವೆ.

ಪ್ರಬಂಧಗಳ ರಾಶಿಯನ್ನು ನಂಬಿದರೆ ಏನಾಗುತ್ತದೆ ಎಂಬುದನ್ನು ಈ ಕ್ಷೇತ್ರವೇ ಕಂಡಿದೆ. ಬೆನ್ನುಮೂಳೆಯ ಎರಡು ಮಣಿಗಳನ್ನು ಕೂಡಿಸುವ ಫ್ಯೂಷನ್ ಶಸ್ತ್ರಚಿಕಿತ್ಸೆಗೆ ಹಿಂದೆಲ್ಲ ರೋಗಿಯ ಸೊಂಟದ ಎಲುಬಿನಿಂದಲೇ ಚೂರು ತೆಗೆಯುತ್ತಿದ್ದರು. ಅದರ ಬದಲು ಬಳಸಬಹುದಾದ ಬಿಎಂಪಿ-2 ಎಂಬ ಪ್ರೋಟೀನಿಗೆ ಅಮೆರಿಕದಲ್ಲಿ 2002ರಲ್ಲಿ ಅನುಮತಿ ಸಿಕ್ಕಿತು. ಅದನ್ನು ಮಾರುವ ಕಂಪನಿಯ ಹಣದಿಂದ ನಡೆದ 13 ಅಧ್ಯಯನಗಳು ಪ್ರಕಟವಾದವು. ಅದನ್ನು ಪಡೆದ 780 ರೋಗಿಗಳಲ್ಲಿ ಈ ಪ್ರೋಟೀನಿನಿಂದ ಒಬ್ಬರಿಗೂ ಅಡ್ಡಪರಿಣಾಮ ಆಗಿಲ್ಲವೆಂದು ಅವು ಹೇಳಿದವು. 2011ರಲ್ಲಿ ಬೆನ್ನುಮೂಳೆ ಸರ್ಜನ್ ಯುಜೀನ್ ಕ್ಯಾರಗಿ ಮತ್ತು ಸಂಗಡಿಗರು ಅನುಮತಿಗಾಗಿ ಸಲ್ಲಿಸಿದ್ದ ಕಡತಗಳನ್ನೂ ಇತರ ದಾಖಲೆಗಳನ್ನೂ ತೆಗೆದು ನೋಡಿದರು. ಎಲ್ಲಿಂದ, ಹೇಗೆ ಶಸ್ತ್ರಚಿಕಿತ್ಸೆ ಮಾಡಲಾಗಿದೆ ಎಂಬುದಕ್ಕೆ ತಕ್ಕಂತೆ ತೊಂದರೆಗಳ ಪ್ರಮಾಣ ಶೇ 10ರಿಂದ 50ರವರೆಗೆ ಇರಬಹುದೆಂದು ‘ದಿ ಸ್ಪೈನ್ ಜರ್ನಲ್’ನಲ್ಲಿ ಬರೆದರು. ಆಮೇಲೆ ಯೇಲ್ ವಿಶ್ವವಿದ್ಯಾಲಯದ ಮೂಲಕ ಎರಡು ಸ್ವತಂತ್ರ ತಂಡಗಳು ಮೂಲ ಅಂಕಿಅಂಶಗಳನ್ನೇ ಪರೀಕ್ಷಿಸಿದವು. ಹಳೆಯ ವಿಧಾನಕ್ಕಿಂತ ಹೇಳಿಕೊಳ್ಳುವಂಥ ಹೆಚ್ಚಿನ ಲಾಭ ರೋಗಿಗೆ ಇಲ್ಲವೆಂದು 2013ರಲ್ಲಿ ವರದಿ ಬಂತು. ಆ ಹದಿಮೂರೂ ಪ್ರಬಂಧಗಳು ಬರೆದವರ ಪಟ್ಟಿಯಲ್ಲಿ ಸಾಧನೆಯಾಗಿಯೇ ಕೂತಿದ್ದವು.

ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಲೋಹಗಳ ಪರೀಕ್ಷೆ ಕಲಿಸಿದವನು. ಬೆನ್ನಿನ ಮಣಿಗಳನ್ನು ಹಿಡಿದಿಡುವ ಸ್ಕ್ರೂ-ರಾಡ್ ಜೋಡಣೆಗೆ ಎಎಸ್‌ಟಿಎಂ ಎಫ್‌1717 ಎಂಬ ಅಂತರರಾಷ್ಟ್ರೀಯ ಮಾನದಂಡದ ಪರೀಕ್ಷೆ ಇದೆ. ಎಲುಬಿನ ಜಾಗದಲ್ಲಿ ಗಟ್ಟಿ ಪ್ಲಾಸ್ಟಿಕ್ ತುಂಡು ಇಟ್ಟು, 50 ಲಕ್ಷ ಸಲದವರೆಗೆ ಭಾರ ಹೇರಿ ಇಳಿಸುತ್ತಾರೆ. ರಾಡ್ ದಣಿದು ಮುರಿಯುತ್ತದೆಯೋ ಇಲ್ಲವೋ ಎಂಬುದು ಇದರಿಂದ ಗೊತ್ತಾಗುತ್ತದೆ. ಎಲುಬು ಸವೆದ ಎಪ್ಪತ್ತರ ಅಜ್ಜಿಯ ಬೆನ್ನಿನಲ್ಲಿ ಅದೇ ಸ್ಕ್ರೂ ಸಡಿಲಾಗದೆ ನಿಲ್ಲುತ್ತದೆಯೇ ಎಂಬುದು ಗೊತ್ತಾಗುವುದಿಲ್ಲ. ಅದಕ್ಕೆ ರೋಗಿಗಳನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಕರೆಸಿ ನೋಡಬೇಕು. ಎರಡೂ ಬೇಕಾದ ಕೆಲಸವೇ. ಆದರೆ ಕಂಪ್ಯೂಟರಿನಲ್ಲಿ ಮಾದರಿ ಕಟ್ಟಿ ಕೆಲವೇ ತಿಂಗಳಲ್ಲಿ ಮುಗಿಸಿದ್ದೂ ಒಂದು ಪ್ರಬಂಧ, ಐದು ವರ್ಷ ರೋಗಿಗಳ ಬೆನ್ನು ಬಿದ್ದು ಬರೆದದ್ದೂ ಒಂದೇ ಪ್ರಬಂಧ! 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಸೂಚಿಸಿದ ಎಚ್-ಇಂಡೆಕ್ಸ್ ಕೂಡ ಎಷ್ಟು ಪ್ರಬಂಧಗಳು ಎಷ್ಟು ಸಲ ಉಲ್ಲೇಖಗೊಂಡವು ಎಂಬುದನ್ನಷ್ಟೇ ಅಳೆಯುತ್ತದೆ. ಬಡ್ತಿಗೆ ಪ್ರಬಂಧ ಬೇಕೇಬೇಕೆಂಬ ನಿಯಮ ಇರುವಾಗ ಯುವ ವೈದ್ಯರು ಬೇಗ ಮುಗಿಯುವ ಕೆಲಸವನ್ನೇ ಆರಿಸಿಕೊಂಡರೆ ಅವರನ್ನು ದೂರಲಾರೆ.

ನಷ್ಟ ಆಗುವುದು ನಮ್ಮ ಜನಕ್ಕೆ. ಅಮರಗೋಳದ ಎಪಿಎಂಸಿಯಲ್ಲಿ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲರನ್ನು ಮಾತಾಡಿಸಿ ನೋಡಿ. ‘ಎಲ್‌ಫೋರ್ ಎಲ್‌ಫೈವ್ ನಡುವ ಗ್ಯಾಪ್ ಬಂದೈತ್ರೀ, ಸ್ಕ್ರೂ ಹಾಕಬೇಕಂತ’ ಎನ್ನುವವರು ಸಿಗುತ್ತಾರೆ (ಸೊಂಟದ ನಾಲ್ಕನೆಯ, ಐದನೆಯ ಮಣಿಗಳ ಮಾತು ಅದು). ಆಪರೇಷನ್ ಆದ ಮೇಲೆ ಹಮಾಲ ಮತ್ತೆ ಚೀಲ ಹೊರಬಲ್ಲನೇ, ಎಷ್ಟು ತಿಂಗಳಿಗೆ, ಎಷ್ಟು ಭಾರ? ಬಗ್ಗಿ ಕಳೆ ತೆಗೆಯುವ ಹೆಣ್ಣುಮಗಳು ಹೊಲಕ್ಕೆ ಮರಳಿದಳೇ, ಅಥವಾ ಹೊಲವನ್ನೇ ಲಾವಣಿಗೆ ಕೊಡಬೇಕಾಯಿತೇ? ಹುಬ್ಬಳ್ಳಿ, ಗದಗ, ಹಾವೇರಿಯ ರೋಗಿಗಳನ್ನು ಕೂಡಿಸಿ ಈ ಪ್ರಶ್ನೆಗೆ ಉತ್ತರ ಕೊಡುವ ಒಂದು ಪ್ರಬಂಧವನ್ನು ನಾನು ಐವತ್ತಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ. ಆಸ್ಪತ್ರೆಯೂ ಲ್ಯಾಬೂ ಇಷ್ಟು ಹತ್ತಿರ ಇರುವಾಗ ಅದು ಆಗದ ಮಾತಲ್ಲ.

ಹೆಚ್ಚು ಬರೆದವರೆಲ್ಲ ಕಳಪೆ ಎಂದು ನಾನು ಹೇಳುತ್ತಿಲ್ಲ. ವರದಿಗಾರರು ಸಂದರ್ಶನಕ್ಕೆ ಹೋದಾಗ ಇನ್ನೂ ನಾಲ್ಕು ಮಾತು ಕೇಳಲಿ. ಇವುಗಳಲ್ಲಿ ರೋಗಿಗಳ ಮೇಲಿನ ಅಧ್ಯಯನ ಎಷ್ಟು? ಎಷ್ಟು ವರ್ಷ ನೋಡಿದಿರಿ? ಹಣ ಯಾರದು, ಇಂಪ್ಲಾಂಟ್ ಕಂಪನಿಯದೇ? ಕೆಲಸ ನಿಮ್ಮದೋ, ಹತ್ತಾರು ಹೆಸರುಗಳಲ್ಲಿ ನಿಮ್ಮದೂ ಒಂದೋ? ಪಬ್‌ಮೆಡ್ ಎಂಬ ಜಾಲತಾಣದಲ್ಲಿ ಪ್ರಬಂಧಗಳ ಸಾರಾಂಶ ಯಾರಿಗಾದರೂ ಪುಕ್ಕಟೆ ಸಿಗುತ್ತದೆ, ಹಣ ಕೊಟ್ಟವರ ವಿವರ ಸಾಮಾನ್ಯವಾಗಿ ಪ್ರಬಂಧದ ಕೊನೆಯಲ್ಲಿ ಇರುತ್ತದೆ. ನಮ್ಮ ದೇಶದ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ ಪುಟವೂ 2007ರಿಂದ ಎಲ್ಲರಿಗೂ ತೆರೆದಿದೆ. ಈ ಉತ್ತರಗಳನ್ನೂ ಅಚ್ಚು ಹಾಕಿದರೆ, ಬೆನ್ನಿಗೆ ಸ್ಕ್ರೂ ಹಾಕಿಸಿಕೊಳ್ಳುವ ಮುನ್ನ ಡಾಕ್ಟರರನ್ನು ಏನು ಕೇಳಬೇಕೆಂಬುದು ರೋಗಿಯ ಮನೆಯವರಿಗೆ ತಿಳಿಯುತ್ತದೆ.

– ನಿವೃತ್ತ ಉಪನ್ಯಾಸಕ, ವಿದ್ಯಾನಗರ, ಹುಬ್ಬಳ್ಳಿ