ಗ್ರೈಂಡಿಂಗ್ ಮೆಷಿನ್‌ಗೆ ಎಐ ಬರ್ಲಿ, ಆಪರೇಟರ್‌ಗೂ ಕಲಿಸ್ಲಿ

ಸಂಪಾದಕರಿಗೆ ನಮಸ್ಕಾರ,

ಎಐ ಬಂದ್ರೆ ಬೆಂಗ್ಳೂರಿನ ಸಾಫ್ಟ್‌ವೇರ್ ಹುಡುಗ್ರ ಗತಿ ಏನು ಅಂತ ಪೇಪರ್‌ಗಳಲ್ಲಿ ಬರ್ತಾನೇ ಇರುತ್ತೆ, ನಾವೂ ಓದ್ತೀವಿ. ಅತ್ತಿಬೆಲೆ ದಾಟಿದ್ರೆ ಹೊಸೂರು, ಇಲ್ಲಿ ಸಿಪ್ಕಾಟ್, ಸಿಡ್ಕೋ ಅನ್ನೋ ತಮಿಳುನಾಡು ಸರ್ಕಾರದ ಕೈಗಾರಿಕಾ ಪ್ರದೇಶಗಳ ಒಳಗಿನ ಶೆಡ್‌ಗಳಲ್ಲಿ ಗಾಡಿ ಕಂಪ್ನಿಗಳಿಗೆ ಶಾಫ್ಟು ಪಿನ್ನು ಬುಶ್ಶು ಇಂಥ ಬಿಡಿಭಾಗ ಗ್ರೈಂಡಿಂಗ್ ಮಾಡಿಕೊಡೋ ನಮ್ಮಂಥವ್ರ ಬಗ್ಗೆ ಮಾತ್ರ ಯಾರೂ ಬರೆಯಲ್ಲ. ಬಾಗಲೂರು, ಮತ್ತಿಗಿರಿ, ತಳಿ ಕಡೆಯಿಂದ ಬರೋ ಕನ್ನಡ ಮನೆಮಾತಿನವ್ರು ಈ ಕೆಲ್ಸದಲ್ಲಿ ಬೇಕಾದಷ್ಟು ಜನ ಅವ್ರೆ.

ಗ್ರೈಂಡಿಂಗ್ ಅಂದ್ರೆ ಉಜ್ಜೋದು ತಾನೆ ಅಂತ ಹೊರಗಿನವ್ರು ಅಂದ್ಕೋತಾರೆ. ಶಾಫ್ಟ್ ಸೈಜು ಹತ್ತು ಮೈಕ್ರಾನ್ ಒಳಗೆ ಕೂರ್ಬೇಕು ಅಂತ ಡ್ರಾಯಿಂಗ್‌ನಲ್ಲಿ ಇರುತ್ತೆ, ಒಂದು ಮಿಲಿಮೀಟರನ್ನ ನೂರು ಭಾಗ ಮಾಡಿದ್ರೆ ಅದ್ರಲ್ಲಿ ಒಂದು. ಉಜ್ಜೋ ವೀಲ್, ಅಂದ್ರೆ ತಿರುಗೋ ಸಾಣೆಕಲ್ಲು, ಮೊಂಡಾದ್ರೆ ಸದ್ದು ಬೇರೆ ಆಗುತ್ತೆ, ತಕ್ಷಣ ಡೈಮಂಡ್ ಟೂಲ್ ಹಾಕಿ ಡ್ರೆಸ್ಸಿಂಗ್ ಮಾಡಿ ಮತ್ತೆ ಹರಿತ ಮಾಡ್ಬೇಕು, ತಡ ಆದ್ರೆ ಜಾಬ್ (ಉಜ್ತಾ ಇರೋ ಪೀಸು) ಮೇಲೆ ಸುಟ್ಟ ಕಲೆ ಬೀಳುತ್ತೆ, ಕಲೆ ಪಾಲಿಶ್ ಮಾಡಿ ತೆಗೆದ್ರೂ ಒಳಗಿನ ಹಾರ್ಡ್‌ನೆಸ್ ಕೆಟ್ಟಿರುತ್ತೆ, ಆ ಪೀಸು ಗಾಡೀಲಿ ಓಡೋವಾಗ ಮುರಿಯಬೋದು. ಹೊಸ ವೀಲ್ ಹಾಕೋ ಮುಂಚೆ ತೂಗುಹಾಕಿ ಮರದ ಹಿಡೀಲಿ ಮೆಲ್ಲಗೆ ತಟ್ಟಿ ಕೇಳ್ತೀವಿ, ಗಂಟೆ ತರ ಠಣ್ ಅನ್ಬೇಕು, ಒಡಕು ಸದ್ದು ಬಂದ್ರೆ ಒಳಗೆ ಬಿರುಕು ಐತೆ ಅಂತ ಲೆಕ್ಕ, ಅದನ್ನ ಸ್ಪೀಡಲ್ಲಿ ತಿರುಗಿಸಿದ್ರೆ ಒಡೆದು ಎದುರಿಗೆ ನಿಂತೋನ ಪ್ರಾಣಾನೇ ತೆಗೀಬೋದು. ಪ್ಲಾಸ್ಟಿಕ್ ಕೆಲ್ಸ ಇನ್ನೊಂದು ತರ, ಸ್ವಲ್ಪ ಬಿಸಿ ಜಾಸ್ತಿ ಆದ್ರೂ ಕರಗಿ ವೀಲ್‌ಗೇ ಮೆತ್ಕೊಳ್ಳುತ್ತೆ.

ಈಗಿನ ಮೆಷಿನ್‌ಗಳಲ್ಲಿ ಆ ಸದ್ದನ್ನ ಸೆನ್ಸರ್ ಕೇಳುತ್ತೆ, ಮೆಷಿನ್ ಓಡ್ತಾ ಇರೋವಾಗ್ಲೇ ಗೇಜು ಸೈಜ್ ನೋಡಿ ಸರಿ ಮಾಡ್ಕೊಳ್ಳುತ್ತೆ, ಗೆರೆ ಕಲೆ ಹುಡುಕೋಕೆ ಕ್ಯಾಮೆರಾ, ಜಾಬ್ ಇಡೋಕೆ ತೆಗೆಯೋಕೆ ರೋಬೋ. ಒಂದೇ ಪೀಸನ್ನ ವರ್ಷಪೂರ್ತಿ ಸಾವಿರಗಟ್ಟಲೆ ಮಾಡೋ ಕಡೆ ಇದು ನೆಲೆ ನಿಲ್ಲುತ್ತೆ, ಅದ್ರಲ್ಲಿ ನನಗೆ ಅನುಮಾನ ಇಲ್ಲ. ದಿನಕ್ಕೊಂದು ಐಟಂ ಬರೋ ಶೆಡ್‌ಗಳಲ್ಲಿ ಸೆಟ್ಟಿಂಗ್‌ಗೆ ಮನುಷ್ಯ ಬೇಕೇ ಬೇಕು. ಎಲ್ರ ಕೆಲ್ಸ ಒಂದೇ ಸಲ ಹೋಗಲ್ಲ, ನಾಲ್ಕು ಮೆಷಿನ್‌ಗೆ ನಾಲ್ಕು ಜನ ಇದ್ದ ಕಡೆ ಒಬ್ಬ ಉಳೀತಾನೆ, ಆ ಒಬ್ಬ ಯಾರು ಅನ್ನೋದೇ ನನ್ನ ಚಿಂತೆ. ಕಂಪ್ಯೂಟರ್ ಬರುತ್ತೆ ಅಂತ ಹೊಸ ಡಿಪ್ಲೊಮಾ ಹುಡುಗನ್ನ ಇಟ್ಕೊಂಡು ಹಳಬ್ರನ್ನ ಮನೆಗೆ ಕಳಿಸ್ತಾರೆ. ಸ್ಕ್ರೀನ್ ಮೇಲೆ ಅಲಾರಂ ಬಂತು, ಸರಿ, ಬಿಸಿ ಇಳಿಸೋ ಕೂಲೆಂಟ್ ಕೆಟ್ಟಿದ್ಯಾ, ಸ್ಪಿಂಡಲ್ ಬೇರಿಂಗ್ ಹೋಗಿದ್ಯಾ, ಈ ಸಲದ ಮೆಟೀರಿಯಲ್ಲೇ ಗಟ್ಟಿ ಇದ್ಯಾ ಅಂತ ಹೇಳೋನು ಆ ಹಳಬಾನೇ.

ಒಣ ಗ್ರೈಂಡಿಂಗು, ಕಾಸ್ಟಿಂಗ್ ಫೆಟ್ಲಿಂಗು (ಎರಕ ಹೊಯ್ದ ಪೀಸಿನ ಹೆಚ್ಚುವರಿ ಅಂಚು ಉಜ್ಜಿ ತೆಗೆಯೋದು) ಇಂಥ ಧೂಳಿನ ಕೆಲ್ಸ ಮೊದ್ಲು ರೋಬೋಗೆ ಕೊಡ್ಲಿ, ಸಂತೋಷ. ಮರಳಿನ ಧೂಳು ಕುಡಿದು ಸಿಲಿಕೋಸಿಸ್ ಅನ್ನೋ ಶ್ವಾಸಕೋಶದ ಕಾಯಿಲೆ ಬಂದ್ರೆ ವಾಸಿ ಆಗಲ್ಲ.

2025 ನವೆಂಬರ್ 21ರಿಂದ ಜಾರಿ ಆಗಿರೋ ಕೈಗಾರಿಕಾ ಸಂಬಂಧ ಸಂಹಿತೆ ಅನ್ನೋ ಕಾರ್ಮಿಕ ಕಾನೂನಲ್ಲಿ ಕೆಲ್ಸದಿಂದ ತೆಗೆದೋರಿಗೆ ಹೊಸ ಕೆಲ್ಸ ಕಲಿಯೋಕೆ ಅಂತ ನಿಧಿಯಿಂದ 15 ದಿನದ ಸಂಬಳ ಕೊಡ್ಬೇಕು ಅಂತ ಐತೆ. ಕೆಲ್ಸ ಹೋದ್ಮೇಲೆ ಕೊಡೋ ಆ ದುಡ್ಡಲ್ಲಿ ಮನೆ ಬಾಡಿಗೆ ಕಟ್ಟೋದಾ, ಸಿಎನ್‌ಸಿ (ಕಂಪ್ಯೂಟರ್‌ನಿಂದ ಓಡೋ ಮೆಷಿನ್) ಕಲಿಯೋದಾ? ಜನ ತೆಗೆಯೋಕೆ ಸರ್ಕಾರದ ಪರ್ಮಿಶನ್ ಬೇಕಾಗೋದು 300 ಅಥ್ವಾ ಅದಕ್ಕಿಂತ ಜಾಸ್ತಿ ಜನ ಇರೋ ಫ್ಯಾಕ್ಟರಿಗೆ, ನಮ್ಮ ಶೆಡ್‌ಗಳಲ್ಲಿ ಅಷ್ಟು ಜನ ಎಲ್ಲಿ ಬರ್ಬೇಕು. ಕಾಂಟ್ರಾಕ್ಟ್‌ನವ್ರಿಗಂತೂ ಗೇಟ್ ಪಾಸ್ ನಿಂತ್ರೆ ಮುಗೀತು.

ತಮಿಳುನಾಡು ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 71 ಸರ್ಕಾರಿ ಐಟಿಐಗಳಿಗೆ ರೋಬೋ, ಸಿಎನ್‌ಸಿ ಎಲ್ಲ ತರೋ ಯೋಜನೆ ಮಾಡೈತೆ, ಒಳ್ಳೇ ಕೆಲ್ಸ. ಅಂಥ ಲ್ಯಾಬ್‌ಗಳನ್ನ ಭಾನುವಾರ, ಶಿಫ್ಟ್ ಮುಗಿದ್ಮೇಲೆ ನಲವತ್ತು ದಾಟಿದ ಆಪರೇಟರ್‌ಗಳಿಗೂ ತೆಗೀಲಿ, ಗಡಿ ಊರುಗಳಲ್ಲಿ ತಮಿಳಿನ ಜೊತೆ ಕನ್ನಡದಲ್ಲೂ ಹೇಳಿಕೊಡ್ಲಿ. ಓನರ್‌ಗಳಲ್ಲೂ ಒಂದು ಕೇಳ್ಕೋತೀನಿ, ಹೊಸ ಮೆಷಿನ್ ಬಂದಾಗ ಅದನ್ನ ಕೂರಿಸೋಕೆ ಬರೋ ಎಂಜಿನಿಯರ್ ನಿಮ್ಮ ಸೂಪರ್‌ವೈಸರ್‌ಗೆ ಮಾತ್ರ ತೋರಿಸಿ ಹೋಗ್ತಾನೆ, ಆ ದಿನಗಳಲ್ಲಿ ಹಳೇ ಆಪರೇಟರ್‌ನೂ ಸಂಬಳ ಕಟ್ ಮಾಡ್ದೆ ಪಕ್ಕದಲ್ಲಿ ನಿಲ್ಲಿಸ್ಕೊಳ್ಳಿ, ಬಟನ್ ಅವನ ಕೈಲೇ ಒತ್ತಿಸಿ.

ಒಬ್ಬ ಗ್ರೈಂಡಿಂಗ್ ಆಪರೇಟರ್, ಹೊಸೂರು