ಮುತ್ಯಾನ ಪದಕ ಧರಿಸುವ ಮೊದಲು

ಕಲಬುರಗಿ

ಚಿರಂಜೀವಿ ತಮ್ಮಗೆ ಕಾಕಾನ ಆಶೀರ್ವಾದಗಳು.

ಈ ನವೆಂಬರಕ್ಕೆ ಲಂಡನ್ನಿನ ಯುದ್ಧ ಸ್ಮರಣೆಯಲ್ಲಿ ಮುತ್ಯಾನ ಎರಡನೇ ಮಹಾಯುದ್ಧದ ಪದಕ ಧರಿಸಿ ನಿಲ್ಲಬೇಕೆಂಬ ನಿನ್ನ ಆಸೆ ಕೇಳಿ ಎದೆ ತುಂಬಿತು. ಆದರೆ ಅವರು ಯಾವ ದಂಡಿನಲ್ಲಿದ್ದರು ಎಂಬುದು ಮೊದಲು ಗಟ್ಟಿಯಾಗಲಿ. ಕಾಗದದ ಮೇಲೆ ‘ಹೈದರಾಬಾದ್’ ಎಂದಿದ್ದ ಮಾತ್ರಕ್ಕೆ ನಿಜಾಮರ ಫೌಜು ಅಂದುಕೊಳ್ಳಬೇಡ. ಆಗ ಆ ಹೆಸರಿನವು ಎರಡಿದ್ದವು. ಒಂದು ನಿಜಾಮ ಸರ್ಕಾರದ ಸ್ವಂತ ಪಡೆ. ಅದರ ಕಾಲಾಳು ತುಕಡಿ 1941ರ ಡಿಸೆಂಬರದಲ್ಲಿ ಮಲಯದ ಕೋಟ ಬಾರು ವಿಮಾನ ನಿಲ್ದಾಣದ ಕಾವಲಿಗಿತ್ತು. ಇನ್ನೊಂದು ಬ್ರಿಟಿಷ್ ಇಂಡಿಯನ್ ಸೈನ್ಯದ 19ನೇ ಹೈದರಾಬಾದ್ ರೆಜಿಮೆಂಟ್. 1945ರಲ್ಲಿ ಅದು ಕುಮಾವ್ ರೆಜಿಮೆಂಟ್ ಆಯಿತು, ಅದರ ಕೇಂದ್ರ ಉತ್ತರಾಖಂಡದ ರಾಣಿಖೇತದಲ್ಲಿದೆ, ಅದಾದರೆ ಅಲ್ಲಿ ಕೇಳಬೇಕು. ನಿಜಾಮರ ದಫ್ತರ ಹುಡುಕಬೇಕಾದ್ದು ಹೈದರಾಬಾದಿನ ತಾರ್ನಾಕಾದ ಪತ್ರಾಗಾರದಲ್ಲಿ. ಒಂದರ ಅರ್ಜಿ ಇನ್ನೊಂದಕ್ಕೆ ಹೋದರೆ ‘ಹೆಸರಿಲ್ಲ’ ಎಂದು ಉತ್ತರ ಬರುತ್ತದೆ, ಮಂದಿ ಅಲ್ಲಿಗೇ ಕೈಬಿಡುತ್ತಾರೆ. ನೀನು ಬಿಡಬೇಡ.

ಉರ್ದು ಕಾಗದದ ತಾರೀಖಿನಲ್ಲಿ ಹುಷಾರು. ಇಸವಿಯ ಪಕ್ಕ ‘ಫೆ’ ಅಕ್ಷರವಿದ್ದರೆ ಅದು ಫಸಲಿ, ಅಂದರೆ ನಿಜಾಮರ ಕಾಲದ ಸರ್ಕಾರಿ ವರ್ಷ; ಇಂಗ್ಲಿಷ್ ಇಸವಿಗೆ 590 ಕೂಡಿಸಬೇಕು. ಫಸಲಿ ವರ್ಷ ಅಕ್ಟೋಬರದಲ್ಲಿ ಶುರುವಾಗುವುದರಿಂದ 1351 ಎಂದರೆ 1941ರ ಅಕ್ಟೋಬರದಿಂದ ಮರುವರ್ಷದ ಅಕ್ಟೋಬರದವರೆಗೆ. ಅದನ್ನೇ ಹಿಜರಿ ಎಂದು ಎಣಿಸಿದರೆ 1932ಕ್ಕೆ ಹೋಗಿ ನಿಲ್ಲುತ್ತೀ. ಆಗಿನ್ನೂ ಯುದ್ಧವೇ ಇರಲಿಲ್ಲ.

ಪದಕಕ್ಕೆ ಬ್ರಾಸೊದಂಥ ಲೋಹದ ಪಾಲಿಶ್ ಬೇಡ, ಹುಣಸೆಹುಳಿಯಂತೂ ಬೇಡವೇ ಬೇಡ. ಹೊಳಪು ಬರುತ್ತದೆ, ಉಬ್ಬು ಅಕ್ಷರ ಸವೆದು ಹೋಗುತ್ತದೆ. ಒಣ ಹತ್ತಿ ಬಟ್ಟೆಯಿಂದ ಒರೆಸಿದರೆ ಸಾಕು. ಆರು ಮೂಲೆಯ ನಕ್ಷತ್ರವಾದರೆ ನಡುವಿನ ಉಂಗುರದ ಬರಹ ಓದು, ಬರ್ಮಾ, ಆಫ್ರಿಕಾ ಎಂದು ಅಲ್ಲಿಯೇ ಇರುತ್ತದೆ. ಹಳೆ ರಿಬ್ಬನ್ ತೊಳೆದರೆ ಬಣ್ಣ ಒಂದರೊಳಗೊಂದು ಹರಿಯುತ್ತದೆ; ಅದನ್ನು ಕಾಗದದಲ್ಲಿ ಸುತ್ತಿಟ್ಟು, ಧರಿಸಲು ಹೊಸದು ಕಟ್ಟಿಸು. ಬರ್ಮಾ ಸ್ಟಾರಿನ (ಬರ್ಮಾ ಎಂದು ಬರೆದ ನಕ್ಷತ್ರದ) ರಿಬ್ಬನ್ನಿಗೆ ನಡುವೆ ಅಗಲ ಕೆಂಪು, ಎರಡೂ ಬದಿ ಕಡುನೀಲಿ, ಆ ನೀಲಿಯ ಮಧ್ಯೆ ಕಿತ್ತಳೆ ಪಟ್ಟಿ. ಎದೆಯ ಬಲಗಡೆ ಹಾಕಿಕೋ. ಎಡಗಡೆ, ಸ್ವತಃ ಗಳಿಸಿದವರಿಗೆ.

ಸ್ಮರಣೆ ನವೆಂಬರದ ಎರಡನೇ ಭಾನುವಾರ, ಮುಂಜಾನೆ ಹನ್ನೊಂದಕ್ಕೆ ಎರಡು ನಿಮಿಷ ಮೌನ. ಕಾನ್‌ಸ್ಟಿಟ್ಯೂಶನ್ ಹಿಲ್‌ನ ಮೆಮೋರಿಯಲ್ ಗೇಟ್ಸ್‌ಗೂ ಹೋಗಿ ಬಾ; ನಮ್ಮ ಕಡೆಯ ಸಿಪಾಯಿಗಳ ನೆನಪಿಗೂ ಸೇರಿ 2002ರಲ್ಲಿ ಕಟ್ಟಿದ್ದು ಅದು.

ಕಾಗದಗಳಿಗೆ ಲ್ಯಾಮಿನೇಶನ್ ಮಾಡಿಸಬೇಡ, ಒಮ್ಮೆ ಅಂಟಿದ್ದು ಮತ್ತೆ ಬಿಡುವುದಿಲ್ಲ. ಕಿಟಕಿಯ ಬೆಳಕಿಗಿಟ್ಟು, ಫ್ಲ್ಯಾಶ್ ಇಲ್ಲದೆ, ಎರಡೂ ಬದಿ ಫೋಟೊ ತೆಗೆದು ಕಳಿಸು. ಹಿಂಬದಿಯ ಮುದ್ರೆ, ನಂಬರು ಬಿಡಬೇಡ. ಹಳೆ ಉರ್ದು ಕೈಬರಹ ಓದುವ ಹಿರಿಯರು ಇಲ್ಲಿ ದರ್ಗಾದ ಕಡೆ ಇನ್ನೂ ಇದ್ದಾರೆ, ಓದಿಸಿ ಬರೆಯುತ್ತೇನೆ.

ನಿನ್ನ ಕಾಕಾ